ಗೌಡರ ಕತ್ತು

ಹಾನುಬಾಳಿನಲ್ಲಿ ನಟರಾಜೇಗೌಡರ ಕಾಫಿ ತೋಟಕ್ಕಿಂತ ಅವರ ಕತ್ತಿಗೇ ಹೆಚ್ಚು ಹೆಸರು. ಅಂಗಿಯ ಮೇಲಿನ ಗುಂಡಿ ಯಾವತ್ತೂ ಹಾಕಲಾಗದ ಆ ಕತ್ತನ್ನು ತಟ್ಟಿಕೊಂಡು, "ನಮ್ಮಪ್ಪಂದೂ ಹಿಂಗೇ, ಗೂಳಿ ಕತ್ತು ಕಣ್ರೀ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು.

ತಲೆಸುತ್ತು ಎಂದು ಹಾಸನಕ್ಕೆ ಹೋದಾಗ, ಸ್ಕ್ಯಾನ್ ನೋಡಿದ ಡಾಕ್ಟರು ಮಾನ ಕಳೆದರು. "ಕತ್ತಿನ ಹಿಂಭಾಗದಲ್ಲಿ ಮಿದುಳಿಗೆ ರಕ್ತ ಒಯ್ಯೋ ನಾಳ ಎರಡಿರುತ್ತೆ. ನಿಮ್ಮದರಲ್ಲಿ ಒಂದು ಹುಟ್ಟಿದಾಗಿನಿಂದ ಬೆಳೆದೇ ಇಲ್ಲ, ದಾರದ ಹಾಗಿದೆ. ಎಷ್ಟೋ ಜನಕ್ಕೆ ಇದರಿಂದ ಏನೂ ಆಗಲ್ಲ. ನಿಮಗೆ ಬಿಪಿ, ಸಿಗರೇಟು ಬೇರೆ, ಸ್ಟ್ರೋಕ್ ಆಗಬಹುದು. ಕತ್ತು ತಿರುಚೋಕೆ ಯಾರಿಗೂ ಕೊಡಬೇಡಿ."

ಸ್ಟ್ರೋಕು ಗೌಡರ ತಲೆಗೆ ಹೋಗಲೇ ಇಲ್ಲ. ಹೋಗಿದ್ದು 'ಬೆಳೆದೇ ಇಲ್ಲ' ಎಂಬ ಮಾತು. "ಈ ವಿಷ್ಯ ನಾಯಿಗೂ ಗೊತ್ತಾಗ್ಬಾರ್ದು" ಎಂದು ಹೆಂಡತಿ ಗಂಗಾಮಣಿಗೆ ತಾಕೀತು ಮಾಡಿದರು.

"ನಾಯಿಗ್ಯಾಕೆ? ಕಟಿಂಗ್ ಶಾಪ್ ಚಂದ್ರಯ್ಯಂಗೆ ಹೇಳ್ಬೇಕು. ವಾರವಾರ ಕತ್ತಿನ ನೆಟಿಗೆ ತೆಗಿಯೋನು ಅವ್ನೇ ಅಲ್ವಾ?"

"ಹೇಳು ನೋಡೋಣ! ನಿನ್ನ ಕೈಯಲ್ಲಿ ಊಟ ಮಾಡಿದ್ರೆ ಕೇಳು."

ಭಾನುವಾರ ಚಂದ್ರಯ್ಯ ಶೇವಿಂಗ್ ಮುಗಿಸಿ, ವಾಡಿಕೆಯಂತೆ ಒಂದು ಕೈಯನ್ನು ಗೌಡರ ಗದ್ದಕ್ಕೆ, ಇನ್ನೊಂದನ್ನು ನೆತ್ತಿಗೆ ಕೊಟ್ಟ. ಗೌಡರಿಗೆ ಡಾಕ್ಟರ ಮಾತು ನೆನಪಾಯಿತು. ಆದರೆ ಬೇಡ ಅಂದರೆ ಬೆಂಚಿನ ಮೇಲೆ ಕೂತ ಗಿಡ್ಡಯ್ಯ ಯಾಕೆ ಎಂದು ಕೇಳುತ್ತಾನೆ. ಗಿಡ್ಡಯ್ಯನಿಗೆ ಗೊತ್ತಾದದ್ದು ಸಂಜೆಯೊಳಗೆ ಮಾರನಹಳ್ಳಿ ಮುಟ್ಟುತ್ತದೆ.

"ಗಟ್ಟಿಯಾಗೇ ತೆಗಿ ಮಾರಾಯ!"

ಲಟಕ್. ಆ ಕಡೆಗೂ ಲಟಕ್.

ಎದ್ದು ನಿಂತ ಗೌಡರಿಗೆ ಎದುರಿನ ಕನ್ನಡಿ ವಾಲಿತು. ಕನ್ನಡಿಯೊಳಗಿನ ಬಾಯಿಯೂ ವಾಲಿತು. ಕುಸಿದು ಕುರ್ಚಿಗೇ ಬಿದ್ದರು.

"ಗಾಳಿ ಸೋಕೈತೆ," ಎಂದು ಗಿಡ್ಡಯ್ಯ ತೀರ್ಪು ಕೊಟ್ಟ. "ಪಾರಿವಾಳದ ರಕ್ತ ತಿಕ್ಕಿದ್ರೆ ಎದ್ದು ಕೂತ್ಕತಾರೆ."

"ಪಾರಿವಾಳ ಎಲ್ಲಿ ತರಾನ? ನಾಟಿ ಕೋಳಿ ಆದ್ರೆ ಆಗಾಕಿಲ್ವಾ?"

'ಹಾಸನ' ಅನ್ನಲು ಹೋದ ಗೌಡರಿಗೆ 'ಆಆ' ಅಷ್ಟೇ ಬಂತು. ಕಡೆಗೆ ಕೈಯೆತ್ತಿ ಕತ್ತು ತೋರಿಸಿದರು.

"ನೋಡ್ದಾ! ನೆಟಿಗೆ ಸರಿಯಾಗಿ ಬಿದ್ದಿಲ್ಲ, ಇನ್ನೊಂದ್ಸಲ ತೆಗಿ ಅಂತಾವ್ರೆ ಕಣೋ!"

ಚಂದ್ರಯ್ಯ ಭಕ್ತಿಯಿಂದ ಕೈ ಒರೆಸಿಕೊಂಡು ಹತ್ತಿರ ಬಂದ. ಗೌಡರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಗಿಡ್ಡಯ್ಯನೇ ಎತ್ತಿ ಸ್ಪೀಕರಿಗೆ ಹಾಕಿದ.

"ಗಂಗಾಮಣಕ್ಕಾ, ಗೌಡ್ರು ಬಾಯಿ ಸೊಟ್ಟಗಾಗಿ ಬಿದ್ಬುಟ್ಟವ್ರೆ!"

"ಅಯ್ಯೋ! ಕತ್ತು ಮುಟ್ಟಿದ್ರಾ?"

"ಎರಡ್ ಕಡೇನೂ ತೆಗ್ದಾಯ್ತು. ಈಗ ಮತ್ತೆ..."

"ಕೈ ತೆಗೀರೋ! ಅವ್ರಿಗೆ ಹುಟ್ತಾನೇ ಕತ್ತಿನ ನರ ಬೆಳ್ದಿಲ್ಲ, ದಾರದಂಗೈತಂತೆ! ಜೀಪ್ ಮಾಡ್ಕಂಡು ಈಗಿಂದೀಗ್ಲೇ ಹಾಸನದ ಆಸ್ಪತ್ರೆಗೆ ಹೊರಡ್ರೋ!"

ಅಂಗಡಿ, ಬೀದಿ, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರಿಗೂ ಕೇಳಿಸಿತು.

ಗೌಡರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಚಂದ್ರಯ್ಯ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊಟ್ಟೆ ಹಿಡಿದಂತೆ ಹಿಡಿದ. ಬಾಳ್ಳುಪೇಟೆ ದಾಟುವವರೆಗೂ ಮುಂದಿನ ಸೀಟಿನಿಂದ ಗಿಡ್ಡಯ್ಯ ಯಾರ್ಯಾರಿಗೋ ಫೋನ್ ಮಾಡುತ್ತಲೇ ಇದ್ದ:

"ಗೂಳಿ ಅಲ್ವಂತೆ ಮಾರಾಯ, ಒಳಗೆ ಬರೀ ದಾರವಂತೆ!"

ಗೌಡರು ಎದ್ದು ಬೈಯಬೇಕೆಂದುಕೊಂಡರು. ತುಟಿಯ ಅರ್ಧ ಮಾತ್ರ ಅಲುಗಿತು.