ಮೂರು ದಿನ ಬದುಕಿದವನ ಹೆಸರು

"ಎಲ್ಲಿಟ್ಕೊಂಡಿದೀಯಪ್ಪಾ ಆ ಮಗೂನ?"

ದೊಡ್ಡಕ್ಕ ಕೇಳಿದ್ದು ಯಾರನ್ನೂ ಅಲ್ಲ. ಕಂಪ್ಯೂಟರಿನ ಪರದೆ ದಿಟ್ಟಿಸುತ್ತ ಬಾಯಿಂದ ಬಂದ ಮಾತು. ಜನನ ಮರಣ ನೋಂದಣಿ ಕಚೇರಿಯ ಹಿರಿಯ ಗುಮಾಸ್ತೆ ಅವಳು. ಹನ್ನೊಂದು ವರ್ಷ ಹಿಂದಿನ ಕಡತ ತೆರೆಯಲು ಬೆಳಗಿನಿಂದ ಹೆಣಗುತ್ತಿದ್ದಳು. ತಂತ್ರಾಂಶ ಮಾರಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಪರವಾನಗಿಯ ಅವಧಿ ಮುಗಿದಿದೆ ಎಂಬ ಒಂದೇ ಸಾಲು ಪರದೆಯ ಮೇಲೆ ಮತ್ತೆ ಮತ್ತೆ ಬರುತ್ತಿತ್ತು.

ಕಿಟಕಿಯಾಚೆ ಒಬ್ಬ ತಾಯಿ ನಿಂತಿದ್ದಳು. "ಮೂರೇ ದಿನ ಇದ್ದ ಅಕ್ಕಾ. ಫೋಟೋ ತೆಗೆಸೋಕೂ ಪುರುಸೊತ್ತು ಕೊಡಲಿಲ್ಲ. ಮನೆ ಬದಲಾಯಿಸುವಾಗ ಅವನ ಜನನ ಪತ್ರಾನೂ ಕಳೆದುಹೋಯ್ತು. ಅವನು ಹುಟ್ಟಿದ್ದ ಅಂತ ಬರೆದಿರೋದು ಇನ್ನು ಇಲ್ಲಿ ಮಾತ್ರ."

ದಪ್ಪ ರಿಜಿಸ್ಟರಿನಲ್ಲಿ ಬರೆಯುವುದನ್ನು ಆ ಮಗು ಹುಟ್ಟಿದ ವರ್ಷವೇ ನಿಲ್ಲಿಸಿ, ಎಲ್ಲವನ್ನೂ ಕಂಪ್ಯೂಟರಿಗೇ ಹಾಕತೊಡಗಿದ್ದರು. ಆ ಹೆಸರನ್ನು ಟೈಪು ಮಾಡಿದವಳೂ ದೊಡ್ಡಕ್ಕನೇ.

ಇಲಾಖೆಯ ಕಂಪ್ಯೂಟರುಗಳೆಲ್ಲ ಕಾಸಿಲ್ಲದೆ ಸಿಗುವ ಮುಕ್ತ ತಂತ್ರಾಂಶಕ್ಕೆ ಬದಲಾಗುತ್ತಿದ್ದವು. ಅದನ್ನು ಕಲಿಸಲು ಬಂದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ದೊಡ್ಡಕ್ಕ ಮಾತ್ರ ವಾರದಿಂದ ಅವರಿಗೆ ಮುಖ ಕೊಟ್ಟಿರಲಿಲ್ಲ.

"ಹೊಸದರಲ್ಲಿ ತೆರೆದು ನೋಡೋಣ್ವಾ ಅಕ್ಕಾ?" ಎಂದರು ಮೇಷ್ಟ್ರು.

"ಬಿಟ್ಟಿ ಸಿಕ್ಕಿದ್ದು ಕೆಟ್ಟರೆ ಯಾರ ಕಿವಿ ಹಿಂಡಲಿ ಮೇಷ್ಟ್ರೇ?"

"ಈ ಹಳೇದು ಕಾಸು ಕೊಟ್ಟು ತಂದಿದ್ದೇ ತಾನೇ? ಈಗ ಯಾರ ಕಿವಿ ಹಿಂಡಿದ್ರಿ?"

ದೊಡ್ಡಕ್ಕ ಕುರ್ಚಿ ಸರಿಸಿ ಅವರಿಗೆ ಜಾಗ ಬಿಟ್ಟಳು.

ಮೇಷ್ಟ್ರು ಮೊದಲು ಕಡತದ ಇನ್ನೊಂದು ಪ್ರತಿ ತೆಗೆದಿಟ್ಟರು. "ಹಳೇ ತಂತ್ರಾಂಶಾನ ಹೇಗೆ ಮಾಡಿದಾರೆ ಅಂತ ಆ ಕಂಪನಿ ಯಾರಿಗೂ ತೋರಿಸಲಿಲ್ಲ. ಅವರು ಹೋದ್ರು, ಗುಟ್ಟೂ ಅವರ ಜೊತೆ ಹೋಯ್ತು. ಮುಕ್ತ ತಂತ್ರಾಂಶದಲ್ಲಿ ಹಾಗಿಲ್ಲ. ಅದರ ಒಳಗನ್ನ ಯಾರು ಬೇಕಾದ್ರೂ ನೋಡಬಹುದು. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಸರಿ ಮಾಡ್ತಾರೆ. ಇಂಥ ಹಳೇ ಕಡತ ಓದೋ ದಾರಿ ಎಲ್ಲೋ ಯಾರೋ ಕಂಡುಹಿಡಿದು ಎಲ್ಲರಿಗೂ ಕೊಟ್ಟಿದಾರೆ."

ಕಡತ ತೆರೆಯಿತು. ಕೆಲವು ಸಾಲುಗಳು ಒಡೆದಿದ್ದವು. ಮಗುವಿನ ತೂಕ ಅಳಿಸಿಹೋಗಿತ್ತು. ಹೆಸರಿತ್ತು. ತಾರೀಖಿತ್ತು.

ಅಚ್ಚಾದ ಹಾಳೆಯನ್ನು ತಾಯಿ ಎರಡೂ ಕೈಯಲ್ಲಿ ಹಿಡಿದಳು. ಹೆಸರನ್ನು ಒಮ್ಮೆ ತನ್ನೊಳಗೆ, ಇನ್ನೊಮ್ಮೆ ಎಲ್ಲರಿಗೂ ಕೇಳುವಂತೆ ಓದಿದಳು.

"ಉಳಿದ ವರ್ಷಗಳ ಕಡತಗಳನ್ನೂ ಹೊಸದಕ್ಕೆ ತರೋದು ಇವತ್ತೇ ಶುರು ಮಾಡೋಣ, ನಡೀರಿ ಮೇಷ್ಟ್ರೇ," ಎಂದಳು ದೊಡ್ಡಕ್ಕ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಚೇರಿಯ, ಶಾಲೆಯ, ಸಂಘದ ದಾಖಲೆಗಳು ಯಾವ ತಂತ್ರಾಂಶದಲ್ಲಿವೆ? ಅದನ್ನು ಮಾಡಿದವರು ನಾಳೆ ಇಲ್ಲವಾದರೂ ಅವು ತೆರೆಯುತ್ತವೆಯೇ? ಇಂದೇ ವಿಚಾರಿಸಿ.

ಸಂಜೆ ಮೇಲಿನ ಕಚೇರಿಯಿಂದ ಫೋನು ಬಂತು. "ದೊಡ್ಡಕ್ಕಾ, ನಮ್ಮಲ್ಲಿ ಹಳೇದಿನ್ನೂ ತೆರೆಯುತ್ತೆ, ನಮಗೆ ಅದೇ ರೂಢಿ. ಈ ತಿಂಗಳ ಪಟ್ಟಿ ಒಂದನ್ನ ಇಲ್ಲಿಗೆ ಬಂದು ಹಳೇ ತಂತ್ರಾಂಶದಲ್ಲೇ ಮಾಡಿಬಿಡಿ."

"ಬೈಯೋದಿದ್ರೆ ಬೈಯಿರಿ ಸಾರ್, ಹೊಸದನ್ನ ಕಲಿಸು ಅಂದ್ರೆ ನಾನು ಕಲಿತು ಬಂದು ಕಲಿಸಿಕೊಡ್ತೀನಿ. ಆ ಹಳೇದರೊಳಗೆ ಇನ್ನೊಂದು ಮಗೂನ ಹೆಸರು ಮಾತ್ರ ನಾನು ಹಾಕೋದಿಲ್ಲ."