ಹೊಸ್ತಿಲಲ್ಲಿ ಉಳಿದ ಎಡಗಾಲಿನ ಬೂಟು

ನಾನು ಒಂದು ಬೂಟು. ಎಡಗಾಲಿನದು. ಬಲಗಾಲಿನವನೊಬ್ಬ ಇದ್ದಾನೆ, ನನ್ನ ಜೊತೆಗೇ ಹುಟ್ಟಿದವನು. ಆದರೆ ಈ ಕಥೆ ಅವನು ಹೇಳುವಂಥದ್ದಲ್ಲ, ನಾನೇ ಹೇಳಬೇಕು.

ನಮ್ಮನ್ನು ಚಂದಕ್ಕೆಂದು ಮಾಡಲಿಲ್ಲ. ಚಂದದ ಬೂಟುಗಳು ಗಾಜಿನ ಹಿಂದೆ ದೀಪದ ಬೆಳಕಿನಲ್ಲಿ ಕೂರುತ್ತವೆ. ನಮ್ಮನ್ನು ಯಾವುದೋ ತಗಡಿನ ಶೆಡ್ಡಿನಲ್ಲಿ, ಕಾರ್ಖಾನೆಯ ಕೂಲಿಕಾರರಿಗಾಗಿ ರಾಶಿಗಟ್ಟಲೆ ಹೊಲಿದರು. ದಪ್ಪ ಚರ್ಮ, ಅಡಿಗೆ ಹಲ್ಲುಹಲ್ಲಿನ ರಬ್ಬರು, ಕಾಲಿನ ಗಂಟು ಮುಚ್ಚುವಷ್ಟು ಎತ್ತರ. ಮೂತಿಯೊಳಗೆ ಉಕ್ಕಿನದೊಂದು ಬಟ್ಟಲನ್ನು ಬೋರಲು ಕೂರಿಸಿ, ಮೇಲೆ ಚರ್ಮ ಎಳೆದು ಅಂಟಿಸಿದರು. ಬೆರಳು ಕಾಯುವುದು ನಿನ್ನ ಕೆಲಸ ಎಂದು ಯಾರೂ ಹೇಳಲಿಲ್ಲ. ಉಕ್ಕು ಒಳಗೆ ಕೂತ ಮೇಲೆ ಹೇಳುವ ಅಗತ್ಯವೂ ಇರಲಿಲ್ಲ.

ನನ್ನನ್ನು ಮೊದಲು ತೊಟ್ಟವನು ಹುಲಿಗೆಪ್ಪ. ಬಳ್ಳಾರಿ ಕಡೆ ಕಬ್ಬಿಣದ ಸರಳು ಹೊರುತ್ತಿದ್ದ ಸಣ್ಣ ಆಳು. ಪಾದವೂ ಸಣ್ಣದೇ. ಒಂದು ಮಧ್ಯಾಹ್ನ ಕೈ ಜಾರಿ ಸರಳೊಂದು ನೇರ ನನ್ನ ಮೂತಿಯ ಮೇಲೆ ಬಿತ್ತು. ಅವನು ಕಿರುಚಿಕೊಂಡು ಕುಸಿದು ಕೂತ. ನನ್ನನ್ನು ಕಿತ್ತೆಸೆದು ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದ.

"ಐದೂ ಅದಾವಲೇ!" ಎಂದು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

ನನ್ನ ಮೂತಿಯ ಮೇಲೆ ಅಂಗುಲದಷ್ಟು ಗೀರು ಉಳಿಯಿತು. ಸುಳ್ಳು ಯಾಕೆ ಹೇಳಲಿ, ಅವತ್ತಿನಿಂದ ನನಗೆ ಸೊಕ್ಕೇ ಬಂದಿತ್ತು.

ಕಾರ್ಖಾನೆಯ ಕೆಲಸ ಮುಗಿದಾಗ ಹುಲಿಗೆಪ್ಪ ನಮ್ಮನ್ನು ಹಳೆ ಸಾಮಾನಿನ ದಸ್ತಗೀರ ಸಾಬರಿಗೆ ಮಾರಿ ಊರಿಗೆ ಹೋದ. ದಸ್ತಗೀರ ಸಾಬರು ನಮ್ಮನ್ನು ಒರೆಸಿ, ಎಣ್ಣೆ ಸವರಿ, ರಾಣೆಬೆನ್ನೂರಿನ ಸಂತೆಯಲ್ಲಿ ಗೋಣಿತಾಟಿನ ಮೇಲೆ ಇಟ್ಟರು. ಅಲ್ಲಿಗೆ ಬಂದವರೇ ಅನಸೂಯಾ ಮತ್ತು ಅವಳ ಅಪ್ಪ ಮೈಲಾರೆಪ್ಪ.

ಅನಸೂಯಾಗೆ ಮೂವತ್ತಾರು ವರ್ಷ. ಗಂಡ ತೀರಿಹೋದ ಮೇಲೆ ತವರಿಗೆ ಬಂದು, ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಕೇಳಿದ್ದಳು. ಸುತ್ತಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮುದುಕರ ಮನೆಗೆ ಹೋಗಿ ರಕ್ತ ತೆಗೆದು, ಬಿಸಿಲೇರುವ ಮೊದಲು ಲ್ಯಾಬಿಗೆ ಮುಟ್ಟಿಸಬೇಕು. ಬಸ್ಸು ನಂಬಿದರೆ ಆಗದ ಮಾತು. ದೀಪಾವಳಿಯೊಳಗೆ ಗಾಡಿ ಕಲಿತರೆ ಮಾತ್ರ ಕೆಲಸ ಅವಳದು. ಮನೆಯಲ್ಲಿ ಅಪ್ಪನ ಹಳೆಯ ಮೋಟಾರ್‌ಸೈಕಲ್ ಇತ್ತು. ಕಲಿಸಲು ಅಪ್ಪನೇ ಇದ್ದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ.

ಅನಸೂಯಾ ಮೊದಲು ಎತ್ತಿಕೊಂಡದ್ದು ಪಕ್ಕದ ಬಟ್ಟೆ ಬೂಟನ್ನು. "ಅಪ್ಪಾ, ಇವು ಹಗೂರ ಅದಾವ ನೋಡು."

"ಬೂಟು ಹಗೂರ ಐತಿ ಅಂತ ಗಾಡಿ ನಿನ್ನ ಕಾಲ ಮ್ಯಾಲ ಹಗೂರ ಬೀಳತೈತೇನು?" ಎಂದ ಮೈಲಾರೆಪ್ಪ. "ಅಂಗಡ್ಯಾಗಿನ ಗಾಡಿ ಹೊಡಿಯೋ ಬೂಟಿನ ರೇಟು ನಮಗ ನಿಲುಕಂಗಿಲ್ಲ. ಹಂಗಂತ ಚಪ್ಪಲ್ಯಾಗ ಗಾಡಿ ಹತ್ತಸಾಕ ನಾ ಏನು ಹುಚ್ಚನೇನು?"

ಆಮೇಲೆ ನನ್ನನ್ನು ಎತ್ತಿಕೊಂಡ. ನನ್ನನ್ನು ಅಷ್ಟು ಕೂಲಂಕಷವಾಗಿ ಯಾರೂ ನೋಡಿರಲಿಲ್ಲ. ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದ, ಬಗ್ಗಲಿಲ್ಲ. ಅಡಿಯನ್ನು ಒದ್ದೆ ಕಲ್ಲಿನ ಮೇಲೆ ಎಳೆದ, ಜಾರಲಿಲ್ಲ. ಹಿಮ್ಮಡಿಯನ್ನು ಹಿಂಡಿದ, ಹೊಲಿಗೆ ಜಗ್ಗಿದ, ಒಳಗೆ ಕೈ ಹಾಕಿ ಉಕ್ಕಿನ ಅಂಚು ಚುಚ್ಚುತ್ತದೋ ಎಂದು ತಡವಿದ. ಮಗಳ ಕಾಲಿಗೆ ತೊಡಿಸಿ, ಕಾಲಿನ ಗಂಟು ಪೂರಾ ಮುಚ್ಚಿತೇ ಎಂದು ಬಗ್ಗಿ ನೋಡಿದ. ತುಸು ಸಡಿಲವಿತ್ತು.

"ಎರಡು ಕಾಲುಚೀಲ ಹಾಕ್ಕೊಂಡ್ರ ಹದಾ ಆಕ್ಕೈತ್ರಿ ಕಾಕಾ," ಎಂದರು ದಸ್ತಗೀರ ಸಾಬರು.

"ಲಾಡಿ ಉದ್ದ ಆತು. ಗೇರಿಗೆ ಸಿಕ್ಕೋತೈತಿ," ಎಂದು ಮೈಲಾರೆಪ್ಪ ಅಲ್ಲೇ ಲಾಡಿಯ ತುದಿ ಕತ್ತರಿಸಿ, ಗಂಟನ್ನು ಒಳಗೆ ತುರುಕಿ ತೋರಿಸಿದ. ಹಾಗೆ ನಾವು ಅವರ ಮನೆಯವರಾದೆವು.

ಮನೆಗೆ ಬಂದ ಮೇಲೆ ಒಂದು ತಾಪತ್ರಯ ಎದುರಾಯಿತು. ನನ್ನ ಮೂತಿ ದಪ್ಪ, ಗೇರಿನ ಕಡ್ಡಿಯ ಕೆಳಗೆ ತೂರುತ್ತಲೇ ಇರಲಿಲ್ಲ. ಮೈಲಾರೆಪ್ಪ ಪಾನಾ ತಂದು, ಕಡ್ಡಿಯನ್ನು ಬಿಚ್ಚಿ, ಅದು ಕೂರುವ ಹಲ್ಲಿನ ಅಚ್ಚಿನಲ್ಲಿ ಒಂದು ಹಲ್ಲು ಮೇಲೇರಿಸಿ ಬಿಗಿದ. "ಈಗ ಬೂಟಿನ ಅಳತಿಗೆ ಬಂತು," ಎಂದ. ಆ ಒಂದು ಹಲ್ಲನ್ನು ನೀವು ನೆನಪಿಡಿ. ನಾನಂತೂ ಮರೆತಿಲ್ಲ.

ಸಂತೆಯಿಲ್ಲದ ದಿನಗಳಲ್ಲಿ ಸಂತೆಯ ಮೈದಾನದಲ್ಲಿ ಪಾಠ. ಅನಸೂಯಾಳ ಮುಖ ನನಗೆ ಕಾಣುತ್ತಿರಲಿಲ್ಲ. ನಾನು ಅವಳನ್ನು ಬೆರಳುಗಳಿಂದ ಬಲ್ಲೆ. ಹೆದರಿದಾಗ ಹೆಬ್ಬೆರಳು ಮಡಚಿಕೊಂಡು ಅಂಗಾಲು ತಣ್ಣಗೆ ಬೆವರುತ್ತಿತ್ತು. ಗೇರು ಸರಾಗ ಬಿದ್ದರೆ ಐದೂ ಬೆರಳು ಅಗಲವಾಗಿ ಅರಳುತ್ತಿದ್ದವು. ಕಿರುಬೆರಳಿನ ಪಕ್ಕ ಹಳೆಯದೊಂದು ಆಣಿ ಇತ್ತು, ಅದಕ್ಕೆ ನೋವಾಗದಂತೆ ನನ್ನ ಚರ್ಮ ಅಲ್ಲಿ ನಿಧಾನಕ್ಕೆ ಉಬ್ಬಿ ಜಾಗ ಮಾಡಿಕೊಟ್ಟಿತು. ಎರಡು ಸಲ ಗಾಡಿ ಎಡಕ್ಕೆ ಉರುಳಿ ನನ್ನ ಮೇಲೇ ಬಿತ್ತು. ಎರಡು ಸಲವೂ ಅವಳು ಮಣ್ಣು ಕೊಡವಿಕೊಂಡು ನಗುತ್ತ ಎದ್ದಳು. ನನ್ನ ಸೊಕ್ಕು ಇನ್ನಷ್ಟು ಏರಿತು.

ಮೈಲಾರೆಪ್ಪನದು ದಿನಾ ಒಂದೇ ಪ್ರಶ್ನೆ. "ಬೂಟು?"

"ಹಾಕ್ಕೊಂಡೇನಪಾ."

ಅದಿಲ್ಲದೆ ಅವನು ಕೀಲಿಕೈ ಕೊಟ್ಟವನಲ್ಲ. ಒಂದೇ ಒಂದು ದಿನ ಬಿಟ್ಟು.

ಅದು ಆಯುಧಪೂಜೆಯ ದಿನ. ಲೈಸೆನ್ಸಿನ ಪರೀಕ್ಷೆಗೆ ಇನ್ನು ಆರು ದಿನವಿತ್ತು. ಗಾಡಿಯನ್ನು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಮೈಲಾರೆಪ್ಪ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆದ. ಎಂದಿನಂತೆ ಅನಸೂಯಾ ನಮ್ಮನ್ನು ತೊಟ್ಟು ಹೊರಗೆ ಬಂದಳು.

"ಏ, ಏನ್ಮಾಡಾಕ ಹತ್ತಿ? ಪೂಜಿ ಆದ ಗಾಡಿ ಮ್ಯಾಲ ಬೂಟುಗಾಲಲೆ ಕುಂದರತಾರೇನು?" ಎಂದ ಅಪ್ಪ. "ಮೂವತ್ತೊಂದು ವರ್ಸ ಖಂಡೇಪೂಜಿ ದಿನ ನಾ ಬಸ್ಸನ್ನ ಬರಿಗಾಲಲೆ ಹೊಡದೇನಿ. ಬಿಚ್ಚು, ಬಿಚ್ಚು. ಹನಮಪ್ಪನ ಗುಡಿ ತನಕ ಹೋಗಿ ಕೈ ಮುಗದು ಬಾ."

ಅವಳು ಬಿಚ್ಚಿದಳು. ನಮ್ಮಿಬ್ಬರನ್ನೂ ಹೊಸ್ತಿಲ ಬದಿಗೆ ಸರಿಯಾಗಿ ಜೋಡಿಸಿಟ್ಟು, ಬರಿಗಾಲಲ್ಲಿ ಹೋದಳು. ಹೋಗುವಾಗ ಆ ಪಾದವನ್ನು ನಾನು ಹೊರಗಿನಿಂದ ನೋಡಿದೆ. ಅದೇ ಮೊದಲು, ಅದೇ ಕೊನೆ. ಕಾಲುಂಗುರ ತೆಗೆದ ಬೆರಳಿನಲ್ಲಿ ಬಿಳಿಯ ಗುರುತು ಇನ್ನೂ ಇತ್ತು.

ಗುಡಿಗೆ ತಿರುಗುವ ಮೂಲೆಯಲ್ಲಿ ಲಾರಿಗಳು ನಿಲ್ಲುತ್ತವೆ. ಬೆಳಗ್ಗೆಯೇ ಅವುಗಳ ಮುಂದೆ ಬೂದುಗುಂಬಳ ಒಡೆದಿದ್ದರು. ರಸ್ತೆಯ ತುಂಬ ತಿರುಳು, ಬೀಜ, ಕುಂಕುಮದ ನೀರು. ತಿರುವಿನಲ್ಲಿ ಗೇರು ಇಳಿಸಲು ಅವಳು ಕಾಲೆತ್ತಿದಾಗ ಕಡ್ಡಿ ಸಿಗಲಿಲ್ಲ. ಅದು ಬೂಟಿನ ಅಳತೆಗೆ ಏರಿಸಿದ ಕಡ್ಡಿಯಾಗಿತ್ತು. ಬರಿಗಾಲಿಗೆ ಎಲ್ಲಿ ಸಿಗಬೇಕು? ಎಲ್ಲಿದೆ ಎಂದು ಒಂದು ಕ್ಷಣ ಬಗ್ಗಿ ನೋಡಿದಳು. ಮುಂದಿನ ಗಾಲಿ ಕುಂಬಳದ ತಿರುಳಿನ ಮೇಲೆ ಜಾರಿತು. ಗಾಡಿ ಎಡಕ್ಕೆ, ಅವಳ ಬರಿಪಾದದ ಮೇಲೆ ಬಿತ್ತು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಮನೆಗೆ ಬಂದವರ ಬಾಯಿಂದ. ಆಗ ನನಗೆ ಕೇಳಿದ್ದು ಲೋಹ ನೆಲಕ್ಕೆ ಉಜ್ಜಿದ ಸದ್ದು ಮಾತ್ರ. ಆ ಸದ್ದು ನನಗೆ ಗೊತ್ತು. ಎರಡು ಸಲ ಆ ಪೆಟ್ಟನ್ನು ನಾನೇ ತಡೆದಿದ್ದೆ. ಮೂರನೆಯ ಸಲ ನಾನು ಹೊಸ್ತಿಲ ಬದಿಗೆ ಖಾಲಿ ಬಾಯಿ ತೆರೆದು ಕೂತಿದ್ದೆ.

ಮೂರನೆಯ ದಿನ ಮೈಲಾರೆಪ್ಪ ನಮ್ಮನ್ನು ಕೈಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲಲ್ಲಿ ಸಿಸ್ಟರು ಅವನನ್ನು ನಿಲ್ಲಿಸಿದಳು.

"ಕಾಕಾ, ಪಾದ ಪೂರಾ ಕರ್ರಗಾಗೇತ್ರಿ. ಇನ್ನ ತಡಾ ಮಾಡಿದ್ರ ಜೀವಕ್ಕ ಬರತೈತಿ. ನಿಮ್ಮ ಸಹಿ ಬೇಕ್ರಿ."

ಅವನು ಚೀಲ ಬಿಚ್ಚಿ ನನ್ನನ್ನು ಹೊರಗೆ ತೆಗೆದ. "ಬೂಟು ತಂದೇನ್ರೀ ಅಕ್ಕಾರ. ಉಕ್ಕು ಐತ್ರಿ ಇದರಾಗ. ಇದನ್ನ ಹಾಕಿದ್ರ ಕಾಲಿಗೆ ಏನೂ ಆಗಂಗಿಲ್ರಿ."

ಸಿಸ್ಟರು ನನ್ನನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಬೆಂಚಿನ ಮೇಲಿಟ್ಟು, ಆ ಕೈಗೆ ಪೆನ್ನು ಕೊಟ್ಟಳು.

ಅನಸೂಯಾ ಒಂದೇ ಪಾದದೊಂದಿಗೆ ಮನೆಗೆ ಬಂದಳು. ನಾನು ಮಂಚದ ಕೆಳಗೆ ಸೇರಿದೆ. ಅಲ್ಲಿಂದ ಮೈಲಾರೆಪ್ಪನ ಕಾಲುಗಳು ಕಾಣುತ್ತಿದ್ದವು. ಅವನು ಚಪ್ಪಲಿ ಹಾಕುವುದನ್ನು ಬಿಟ್ಟಿದ್ದ. ಬಿಸಿಲಿಗೆ, ಮುಳ್ಳಿಗೆ, ಸಂತೆಗೆ, ಎಲ್ಲಿಗೂ ಬರಿಗಾಲು. ಹಿಮ್ಮಡಿ ಒಡೆದು ರಕ್ತ ಸೋರುತ್ತಿತ್ತು. ಮಗಳು ಬೈದಳು, ಅತ್ತಳು, ಅವನು ಕೇಳಲಿಲ್ಲ. ದಿನಾ ಬೆಳಗ್ಗೆ ನಮ್ಮಿಬ್ಬರನ್ನೂ ಹೊರಗೆಳೆದು ಒರೆಸುತ್ತಿದ್ದ. ನನ್ನ ಸರದಿ ಬಂದಾಗ ಒಳಗೆ ಕೈ ಹಾಕಿ ಆ ಉಕ್ಕನ್ನು ಮುಟ್ಟುತ್ತಿದ್ದ. ನಾನು ಅವನನ್ನು ದ್ವೇಷಿಸಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ನನ್ನನ್ನು ಆರಿಸಿದ ಕೈಯೂ ಅದೇ ಆಗಿತ್ತು.

ವರ್ಷ ಕಳೆಯುವುದರೊಳಗೆ ಅವಳಿಗೆ ರಬ್ಬರಿನ ಪಾದ ಬಂತು. ಪಕ್ಕಕ್ಕೆ ಎರಡು ಗಾಲಿ ಕಟ್ಟಿಸಿದ, ಗೇರಿಲ್ಲದ ಹಳೆಯ ಸ್ಕೂಟರೊಂದು ಬಂತು. ಲ್ಯಾಬಿನವರು ಎರಡು ಹಳ್ಳಿ ಕೊಟ್ಟು ನೋಡೋಣ ಎಂದರು. ಮತ್ತೆ ಆಯುಧಪೂಜೆ ಬಂತು. ಹೂವು, ವಿಭೂತಿ, ನಿಂಬೆಹಣ್ಣು. ಅನಸೂಯಾ ಕೋಲೂರಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

"ಅಪ್ಪಾ, ನನ್ನ ಬೂಟು ತಾ. ಎರಡೂ."

ಓಣಿಯವರು ಪರಸ್ಪರ ಮುಖ ನೋಡಿಕೊಂಡರು. ಮೈಲಾರೆಪ್ಪ ಒಳಗೆ ಹೋಗಿ ನಮ್ಮನ್ನು ತಂದ. ನೆಲಕ್ಕೆ ಕೂತು ಮೊದಲು ಬಲಗಾಲಿಗೆ ತೊಡಿಸಿದ. ಆಮೇಲೆ ನನ್ನ ಲಾಡಿಯನ್ನು ಪೂರಾ ಬಿಚ್ಚಿ, ಬಾಯಿ ಅಗಲಿಸಿ, ಆ ರಬ್ಬರಿನ ಪಾದವನ್ನು ಮೆಲ್ಲಗೆ ಒಳಗೆ ಇಳಿಸಿದ. ಗಂಟು ಹಾಕಿ, ತುದಿಯನ್ನು ಒಳಗೆ ತುರುಕಿದ. ಅವನ ತಲೆ ಮೇಲೇಳಲಿಲ್ಲ.

"ಬಿಗಿ ಆತೇನವ್ವಾ?" ಎಂದು ಕೇಳಿದ.

"ನನಗ ಗೊತ್ತಾಗಂಗಿಲ್ಲಪಾ," ಎಂದಳು ಅವಳು.

ಈಗ ನಾನು ಮತ್ತೆ ದಿನಾ ಹಳ್ಳಿಗೆ ಹೋಗಿಬರುತ್ತೇನೆ. ಹಳೆಯವನಾದೆ, ಅಡಿಯ ಹಲ್ಲು ಸವೆದಿವೆ. ಸಂಜೆ ನಮ್ಮನ್ನು ಬಾಗಿಲ ಬಳಿ ಬಿಟ್ಟಾಗ ಬಲಗಾಲಿನವನು ಬೆವರಿ ಬೆಚ್ಚಗಿರುತ್ತಾನೆ. ನಾನು ಹೋದ ಹಾಗೇ ಒಣಗಿಕೊಂಡು ಬರುತ್ತೇನೆ. ಒಳಗೆ ಯಾರೂ ಹೆದರಿ ಮಡಚಿಕೊಳ್ಳುವುದಿಲ್ಲ, ಯಾರೂ ಅರಳುವುದಿಲ್ಲ. ಆಣಿಗೆಂದು ನಾನು ಮಾಡಿಕೊಟ್ಟ ಜಾಗ ಹಾಗೇ ಖಾಲಿ ಇದೆ. ಆದರೂ ರಸ್ತೆಯಲ್ಲಿ ಒಂದು ಕಲ್ಲು ಸಿಡಿದರೆ ಸಾಕು, ಉಕ್ಕನ್ನು ಮುಂದೊಡ್ಡಿ ನಿಲ್ಲುತ್ತೇನೆ. ಯಾವ ಕಲ್ಲಿಗೂ ನೋಯದ ಒಂದು ಪಾದವನ್ನು ನಾನು ಜೀವ ಕೊಟ್ಟು ಕಾಯುತ್ತಿದ್ದೇನೆ.