ಕೌದಿ ಯಾರ ಹೆಗಲಿಗೆ

ಡನ್‌ಬರಿಯ ಐಸ್ ಹಾಕಿ ಅಂಗಳದಲ್ಲಿ, ಪೆನಾಲ್ಟಿಯಾದವರನ್ನು ಕೂರಿಸುವ ಗಾಜಿನ ಗೂಡಿನೊಳಗೆ ಹೆಲ್ಮೆಟ್ ತೆಗೆದು ಬೆವರೊರೆಸಿಕೊಳ್ಳುತ್ತಿದ್ದ ಹದಿನೇಳು ವರ್ಷದ ಹುಡುಗನ ಮುಖಕ್ಕೆ, ಹಿಂದಿನ ಸಾಲಿನಲ್ಲಿದ್ದ ಒಬ್ಬ ಗಂಡಸು ಗಾಜಿನ ಮೇಲಿಂದ ಬಗ್ಗಿ ತಂಬಾಕಿನ ರಸ ಉಗುಳಿದ. ಹುಡುಗ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಗಾಜಿನ ಮೇಲಿಂದ ಅವನತ್ತ ಎಸೆದ. ಲೀಗಿನವರು ಹುಡುಗನನ್ನು ಐದು ಆಟಗಳಿಂದ ಹೊರಗಿಟ್ಟರು. ಉಗುಳಿದವನ ಅಂಗಿ ಒದ್ದೆಯಾಗಿತ್ತೆಂದು ತಂಡದ ಕಚೇರಿಯವರು ಅವನಿಗೆ ಒಂದು ಹೊಸ ಅಂಗಿ ಕೊಟ್ಟು ಕಳಿಸಿದರು.

ಹುಡುಗನ ಹೆಸರು ಡ್ರೇಟನ್. ಈ ನೆಲದ ಮೂಲಜನರಾದ ನಮ್ಮ ಕ್ರೀ ಜನರವನು, ನಮಗೆಂದು ಸರ್ಕಾರ ಗುರುತಿಸಿಟ್ಟ ಮೀಸಲು ಊರಿನವನೇ. ಜೂನಿಯರ್ ತಂಡದಲ್ಲಿ ಆಡಲು ಡನ್‌ಬರಿಗೆ ಬಂದು, ನನ್ನ ಮನೆಯಲ್ಲಿ ಉಂಡು ಮಲಗುತ್ತಾನೆ. ತಂಡದ ಕೋಚ್ ಲೋರ್ನ್ ಓಕಿಮಾವ್ ನನ್ನ ತಮ್ಮ. ಉಗುಳಿದವನು ಎದುರು ತಂಡದ ಕಡೆಯವನಲ್ಲ. ನಮ್ಮದೇ ತಂಡದ ಜರ್ಸಿ ತೊಟ್ಟು ಬಂದಿದ್ದ ರಿಕ್ ಪೆಂಡ್ರಿ. ಅಂಗಳದ ಸುತ್ತಲಿನ ಹಲಗೆಯ ಮೇಲೆ ಅವನ ಟ್ರ್ಯಾಕ್ಟರ್ ಅಂಗಡಿಯ ಹೆಸರು ಹಳದಿ ಬಣ್ಣದಲ್ಲಿ ಕಣ್ಣು ಕುಕ್ಕುತ್ತದೆ. ಡ್ರೇಟನ್ ಪೆನಾಲ್ಟಿಗೆ ಕೂತಿದ್ದಾಗ ನಮ್ಮವರ ಮೇಲೆ ಗೋಲಾಯಿತಂತೆ. ಅದಕ್ಕೆ ಉಗುಳಿದನಂತೆ.

ಹುಡುಗನ ಜರ್ಸಿಯನ್ನು ಒಗೆದವಳು ನಾನು. ಕತ್ತುಪಟ್ಟಿಯಲ್ಲಿ ಕಂದು ಕಲೆ ಇತ್ತು, ಬಿಸಿನೀರು ತಾಗಿದ ಕೂಡಲೇ ಪುದೀನಾ ವಾಸನೆ ಎದ್ದಿತು. ಬಾಯಲ್ಲಿಟ್ಟು ಜಗಿಯುವ ತಂಬಾಕಿಗೂ ಪುದೀನಾ ಘಮ ಬೇಕು ಈ ನಾಜೂಕಿನ ಮನುಷ್ಯರಿಗೆ. ಎರಡು ಸಲ ಒಗೆದೆ, ಮೂರನೆಯ ಸಲವೂ ಒಗೆದೆ. ಕಲೆ ಹೋಯಿತು. ನನ್ನ ಬೆರಳುಗಳಿಗೆ ಅಂಟಿದ ಆ ವಾಸನೆ ಮಾತ್ರ ಅನ್ನದ ತುತ್ತಿನಲ್ಲೂ ಮೂಗಿಗೆ ಬಡಿಯುತ್ತಿತ್ತು.

ಲೋರ್ನ್ ಮನೆ ಬಿಟ್ಟಾಗ ಅವನಿಗೂ ಹೆಚ್ಚುಕಡಿಮೆ ಇದೇ ಪ್ರಾಯ. ಸ್ಕೇಟಿಂಗ್ ಮಾಡುತ್ತಿದ್ದರೆ ನೀರ ಮೇಲೆ ಗಾಳಿ ಹೋದಂತೆ ಹೋಗುತ್ತಿದ್ದ. ಆದರೆ ಅವನ ಕಾಲು ನೋಡಿದ ಕೋಚುಗಳಿಗಿಂತ ಅವನ ಮುಷ್ಟಿ ನೋಡಿದ ಕೋಚುಗಳೇ ಹೆಚ್ಚು. ಬೇರೆಯವರು ಗೋಲು ಹೊಡೆಯಲಿಕ್ಕೆ, ಇವನು ಮೂತಿ ಒಡೆಯಲಿಕ್ಕೆ. ಮೊದಲ ತಂಡದಲ್ಲಿ ಮೊದಲ ದಿನವೇ ಅವನಿಗೆ ಅಣಕಕ್ಕೆ ಚೀಫ್ ಎಂದು ಹೆಸರಿಟ್ಟರು. ನಮ್ಮ ಯಾವ ಹುಡುಗ ಯಾವ ತಂಡಕ್ಕೆ ಹೋದರೂ ಅವನ ಹೆಸರು ಚೀಫೇ. ಒಂದೇ ತಂಡದಲ್ಲಿ ಇಬ್ಬರಿದ್ದರೆ ದೊಡ್ಡ ಚೀಫ್, ಸಣ್ಣ ಚೀಫ್. ತಮಾಷೆ ಏನೆಂದರೆ, ನಮ್ಮ ಮನೆತನದ ಹೆಸರು ಓಕಿಮಾವ್ ಅಂದರೆ ಕ್ರೀ ಮಾತಿನಲ್ಲಿ ನಾಯಕ ಎಂದೇ ಅರ್ಥ. ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು.

ಆಟದ ನಡುವೆ ಎದುರಾಳಿಯನ್ನು ಕೆಣಕುವ ಮಾತಿಗೆ ಐಸ್ ಅಂಗಳದವರು ಚಿಲಿಪಿಲಿ ಅನ್ನುತ್ತಾರೆ. ನಿನ್ನಮ್ಮ ಕುಡುಕಿ ಅಂದರೂ ಚಿಲಿಪಿಲಿ. ಕೇರಿಗೆ ಹೋಗೋ ಅಂದರೂ ಚಿಲಿಪಿಲಿ. ಮೂರು ಸಾವಿರ ಜನ ಬಾಯಿಗೆ ಕೈ ಬಡಿದುಕೊಂಡು ಕಾಡುಜನರಂತೆ ಊಳಿಟ್ಟರೂ ಚಿಲಿಪಿಲಿ. ಹಕ್ಕಿಗಳಿಗೆ ಗೊತ್ತಾದರೆ ಮಾನನಷ್ಟದ ದಾವೆ ಹೂಡಿಯಾವು. ಇದಕ್ಕೆಲ್ಲ ಲೋರ್ನ್ ಒಂದು ನಗು ಕಲಿತುಕೊಂಡ. ಹಲ್ಲು ಕಾಣಬೇಕು, ಭುಜ ಒಮ್ಮೆ ಕುಣಿಯಬೇಕು, ಕಣ್ಣು ನೆಲ ನೋಡಬೇಕು. ಆ ನಗು ನಕ್ಕವನನ್ನು ‘ಒಳ್ಳೇ ಹುಡುಗ, ತಂಡದ ಮನುಷ್ಯ’ ಅನ್ನುತ್ತಿದ್ದರು. ಅದನ್ನು ನಕ್ಕುಕೊಂಡೇ ಅವನು ಜೂನಿಯರ್ ಮುಗಿಸಿದ. ಅದನ್ನು ನಕ್ಕುಕೊಂಡೇ ದೇಶದ ಗಡಿ ದಾಟಿ ದಕ್ಷಿಣದ ರಾಜ್ಯಗಳಿಗೆ ಹೋಗಿ, ಹಿಮವನ್ನೇ ಕಾಣದ ಊರುಗಳಲ್ಲಿ ಬಾಡಿಗೆಯ ಹೊಡೆದಾಟ ಆಡಿದ. ಮಂಡಿ ಹೋಯಿತು, ಮುಂದಿನ ಹಲ್ಲು ಹೋದವು, ಬಲಗೈ ಬೆರಳು ಮಡಚುವುದು ನಿಂತಿತು. ವಾಪಸು ಬಂದು ಪುಟ್ಟ ಮಕ್ಕಳಿಗೆ ಸ್ಕೇಟಿಂಗ್ ಕಲಿಸಿದ, ಆಮೇಲೆ ಯಾರ್ಯಾರದೋ ಕೈಕೆಳಗೆ ಸಹಾಯಕನಾಗಿ ಬಸ್ಸಿನ ಮುಂದಿನ ಸೀಟಿನಲ್ಲಿ ವರ್ಷಗಟ್ಟಲೆ ತೂಗಾಡಿದ. ಈ ಚಳಿಗಾಲ ಡನ್‌ಬರಿ ತಂಡದ ಮುಖ್ಯ ಕೋಚ್ ಆದ. ನಮ್ಮವರಲ್ಲಿ ಮೊದಲಿಗನೆಂದು ಪತ್ರಿಕೆಯವರು ಅದಕ್ಕೆ ಇತಿಹಾಸ ಎಂದು ಬರೆದರು. ಲೋರ್ನ್ ಚಿತ್ರದಲ್ಲಿ ಅದೇ ನಗು ನಗುತ್ತಿದ್ದ, ಹೊಸ ಹಲ್ಲು ಕಟ್ಟಿಸಿಕೊಂಡು.

ತಂಡದ ಮ್ಯಾನೇಜರ್ ಗ್ರೆಗ್ ಹ್ಯಾಲ್ವರ್ಸನ್ ನಮ್ಮಿಬ್ಬರನ್ನೂ ಕಚೇರಿಗೆ ಕರೆಸಿದ. ಹುಡುಗ ನನ್ನ ಮನೆಯಲ್ಲಿರುವುದರಿಂದ ನನಗೂ ಕರೆ.

“ಬಾ ಚೀಫ್, ಕೂತ್ಕೋ. ವರ್ನಾ, ನೀವೂ ಕೂತ್ಕೊಳ್ಳಿ. ಕಾಫಿ?”

“ಬೇಡ,” ಎಂದೆ.

“ನೋಡಿ, ಎಲ್ರಿಗೂ ಬೇಜಾರಾಗಿದೆ. ರಿಕ್‌ಗೂ ಬೇಜಾರಾಗಿದೆ. ಪಾಪ, ಅವತ್ತು ಸ್ವಲ್ಪ ಜಾಸ್ತಿ ಕುಡಿದಿದ್ದ.”

“ಉಗುಳೋವಾಗ ಗುರಿ ತಪ್ಪಿರ್ಲಿಲ್ಲ,” ಎಂದೆ.

ಹ್ಯಾಲ್ವರ್ಸನ್ ನನ್ನ ಮಾತು ಕೇಳಿಸಲೇ ಇಲ್ಲವೆಂಬಂತೆ ಲೋರ್ನ್ ಕಡೆ ತಿರುಗಿದ. “ಲೀಗ್‌ನೋರ ಹತ್ರ ಮಾತಾಡಿದೀನಿ. ಹುಡುಗ ಜನರ ಮುಂದೆ ರಿಕ್ ಹತ್ರ ಸಾರಿ ಕೇಳಿದ್ರೆ ಐದು ಆಟದ ಶಿಕ್ಷೆನ ಎರಡಕ್ಕೆ ಇಳಿಸ್ತಾರೆ. ಮುಂದಿನ ವಾರ ಯೂನಿವರ್ಸಿಟಿ ಟೀಮ್‌ನೋರು ಆಟಗಾರರನ್ನ ನೋಡೋಕೆ ಬರ್ತಿದಾರೆ. ಅವ್ರ ಮುಂದೆ ಹುಡುಗ ಆಡ್ಬೇಕೋ, ಮೇಲೆ ಕೂತು ಪಾಪ್‌ಕಾರ್ನ್ ತಿನ್ಬೇಕೋ, ನೀವೇ ಹೇಳಿ.”

“ಯಾವಾಗ ಕೇಳ್ಬೇಕು?” ಎಂದ ಲೋರ್ನ್.

“ಶನಿವಾರ. ನಿಮ್ಮ ಜನರ ಜೊತೆ ಸೌಹಾರ್ದ ಸಂಜೆ ಇದೆಯಲ್ಲ? ಡೋಲಿನವರು ಬರ್ತಾರೆ, ಎಲ್ರೂ ಕಿತ್ತಳೆ ಅಂಗಿ ಹಾಕ್ತಾರೆ. ಆಟಕ್ಕೆ ಮುಂಚೆ ಅಂಗಳದ ಮಧ್ಯೆ ರತ್ನಗಂಬಳಿ ಹಾಸ್ತೀವಿ. ಮೊದ್ಲು ನೀನು ರಿಕ್‌ಗೆ ನಿಮ್ಮವರ ಆ ನಕ್ಷತ್ರದ ಕೌದಿ ಹೊದಿಸ್ತೀಯ. ಆಮೇಲೆ ಹುಡುಗ ಸಾರಿ ಕೇಳ್ತಾನೆ. ಆಮೇಲೆ ಕೈ ಕುಲುಕೋದು. ಫೋಟೋ. ಚೆನ್ನಾಗಿರುತ್ತೆ ಅಲ್ವಾ?”

ನಮ್ಮಲ್ಲಿ ನಕ್ಷತ್ರದ ಕೌದಿಯನ್ನು ಕಂಡಕಂಡವರಿಗೆ ಹೊದಿಸುವುದಿಲ್ಲ. ಓದು ಮುಗಿಸಿ ಬಂದ ಮಗುವಿಗೆ ಹೊದಿಸುತ್ತೇವೆ. ಬದುಕೆಲ್ಲ ಊರಿಗಾಗಿ ಜೀವ ತೇದ ಮುದುಕಿಗೆ ಹೊದಿಸುತ್ತೇವೆ. ಮಣ್ಣಿಗೆ ಹೋಗುವವರ ಮೈಮೇಲೆ ಹೊದಿಸುತ್ತೇವೆ. ಹೆಗಲಿಗೆ ಕೌದಿ ಬಿತ್ತೆಂದರೆ, ಇವರಿಂದ ನಾವು ತಲೆಯೆತ್ತಿ ನಡೆದೆವು ಎಂದು ಊರೇ ನಿಂತು ಹೇಳಿದಂತೆ.

“ಅದು ಮರ್ಯಾದೆ ಮಾಡೋ ಕೌದಿ, ಗ್ರೆಗ್. ಉಗುಳಿದೋನಿಗೆ ಯಾವ ಮರ್ಯಾದೆ?” ಎಂದೆ.

“ಅದೇ ಅಲ್ವಾ ಸೌಹಾರ್ದ! ಕ್ಷಮಿಸೋದು ನಿಮ್ಮ ಸಂಸ್ಕೃತಿಲೇ ಇದೆ ಅಂತ ಎಲ್ಲೋ ಓದಿದೀನಿ.” ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. “ವರ್ನಾ, ನೀವು ಕೌದಿ ಹೊಲೀತೀರಂತೆ. ಒಂದು ಕೊಟ್ರೆ…”

“ಸತ್ರೂ ಕೊಡಲ್ಲ.”

“ಸರಿ, ಸರಿ. ಆನ್‌ಲೈನಲ್ಲಿ ಸಿಗುತ್ತೆ.” ಅವನು ಲೋರ್ನ್ ಬೆನ್ನು ತಟ್ಟಿದ. “ನೀನೂ ರಿಕ್ಕೂ ಜೂನಿಯರ್‌ನಲ್ಲಿ ಒಂದೇ ಟೀಮಲ್ಲಿ, ಒಂದೇ ಲೈನಲ್ಲಿ ಆಡಿದೋರು. ಹಳೇ ದೋಸ್ತ್ರು. ಮುಂದಿನ ವರ್ಷದ ನಿನ್ನ ಕೆಲಸದ ವಿಷಯನೂ ಟೀಮ್ ಮಂಡಳಿ ಮುಂದಿದೆ, ಗೊತ್ತಲ್ಲ. ರಿಕ್ ಮಂಡಳೀಲಿದಾನೆ.”

ಲೋರ್ನ್ ನಕ್ಕ. ಹಲ್ಲು ಕಂಡಿತು, ಭುಜ ಕುಣಿಯಿತು, ಕಣ್ಣು ನೆಲ ನೋಡಿತು.

ಹೊರಗೆ ಬಂದು ಗಾಡಿ ಹತ್ತಿದ ಮೇಲೆ ಬೈದೆ. “ಥೂ! ನಿಂಗೆ ಹೇಸಿಗೆ ಆಗಲ್ವೇನೋ?”

“ಹೇಸಿಗೆ ಪಟ್ಕೊಂಡೋರು ಯಾರೂ ಈ ಆಟದಲ್ಲಿ ಉಳೀಲಿಲ್ಲ ಅಕ್ಕ,” ಎಂದ. “ಉಳಿದೋನು ನಾನೊಬ್ಬ. ಹುಡುಗ ಮೇಲೆ ಹೋಗ್ಲಿ. ಎರಡು ನಿಮಿಷದ ಕೆಲಸ.”

“ಆ ರಿಕ್ಕು ನಿನ್ನ ಜೊತೆ ಆಡ್ತಿದ್ದಾಗ ಏನು ಮಾಡ್ತಿದ್ದ, ಹೇಳು ನೋಡಾಣ.”

ಅವನು ಗಾಜಿನ ಒಳಮೈಗೆ ಕಟ್ಟಿದ್ದ ಮಂಜನ್ನು ಉಗುರಿನಿಂದ ಕೆರೆದ. “ನನ್ನ ಸ್ಕೇಟ್ ಒಳಗೆ ಉಚ್ಚೆ ಹುಯ್ತಿದ್ದ,” ಎಂದ. “ಹೊಸಬರಿಗೆಲ್ಲ ಮಾಡ್ತಿದ್ರು. ನಂಗೆ ಮಾತ್ರ ಹಳಬ ಆದ್ಮೇಲೂ ಮಾಡ್ತಿದ್ರು.”

ಶುಕ್ರವಾರ ಸಂಜೆ ನನ್ನ ಅಡುಗೆಮನೆಯಲ್ಲಿ ತಾಲೀಮು. ನಾನು ಮೂಸ್ ಕಡವೆಯ ಮಾಂಸದ ಸಾರು ಕುದಿಸುತ್ತಿದ್ದೆ. ಡ್ರೇಟನ್ ಬ್ಯಾನಕ್ ರೊಟ್ಟಿಗೆ ಜಾಮ್ ಬಳಿದುಕೊಂಡು ಮೇಜಿನ ಮುಂದೆ ಕೂತಿದ್ದ. ಅಂಗಳದಲ್ಲಿ ಲೋರ್ನ್ ಅವನಿಗೆ ಕೋಚ್, ಮನೆಯಲ್ಲಿ ಮಾವ. ಕಚೇರಿಯವರು ಬರೆದುಕೊಟ್ಟಿದ್ದ ಮಾತನ್ನು ಲೋರ್ನ್ ಅವನ ಮುಂದಿಟ್ಟ.

“ಓದು.”

“‘ನನ್ನ ದುಡುಕಿನಿಂದ ಶ್ರೀಮಾನ್ ಪೆಂಡ್ರಿಯವರಿಗೂ ಅವರ ಕುಟುಂಬಕ್ಕೂ ಆದ ನೋವಿಗೆ…’ ಮಾವ, ಕುಟುಂಬ ಎಲ್ಲಿತ್ತು? ಅವ್ನೊಬ್ನೇ ಇದ್ದ.”

“ಓದೋ.”

“ಅವ್ನೂ ಸಾರಿ ಕೇಳ್ತಾನಾ?”

“ಕೈ ಕುಲುಕ್ತಾನೆ.”

“ಗ್ಲೌಸ್ ಹಾಕ್ಕೊಂಡೇ ಕುಲುಕ್ಲಾ? ಎಂಜಲು ಕೈ ಅದು.”

ನಾನು ನಕ್ಕೆ. ಲೋರ್ನ್ ನಗಲಿಲ್ಲ. “ತಮಾಷೆ ಸಾಕು. ನಾಳೆ ಅವ್ನು ಏನಾದ್ರೂ ಅಂತಾನೆ. ಅನ್ನದೇ ಇರಲ್ಲ. ಚೀಫ್ ಅಂತಾನೆ, ಬಾಟ್ಲಿ ಅಂತಾನೆ. ನೀನು ತಿರುಗಿ ಏನೂ ಅನ್ಬೇಡ. ನಕ್ಕುಬಿಡು. ನಕ್ರೆ ಮುಗೀತು.”

“ನಗು ಬರ್ದಿದ್ರೆ?”

“ಬರ್ಸ್ಕೋಬೇಕು.”

“ಹೆಂಗೆ?”

ಲೋರ್ನ್ ಸ್ಕೇಟಿನ ತಿರುವು ಕಲಿಸುವ ದನಿಯಲ್ಲೇ ಕಲಿಸಿದ. “ಹಲ್ಲು ಕಾಣ್ಲಿ. ಜಾಸ್ತಿ ಬೇಡ. ಭುಜ ಒಂದ್ಸಲ ಅಲ್ಲಾಡಿಸು. ಅವ್ನ ಕಣ್ಣು ನೋಡ್ಬೇಡ, ಜಗಳಕ್ಕೆ ಬಂದ ಅನ್ಕೋತಾನೆ. ಕೆಳಗೆ ನೋಡು. ಹಾಂ. ಇನ್ನೊಂದ್ಸಲ.”

ಹುಡುಗ ಮಾಡಿದ. ಮೊದಲನೆಯದು ಕೋಡಂಗಿಯ ನಗು. ಎರಡನೆಯದು ಬಿಗಿಯಾಯಿತು. “ಭುಜ ಸಡಿಲ ಬಿಡು,” ಎಂದ ಲೋರ್ನ್. ಬುದ್ಧಿವಂತ ಹುಡುಗ ಡ್ರೇಟನ್, ಏನು ತೋರಿಸಿದರೂ ಮೈಗೆ ಹತ್ತಿಸಿಕೊಳ್ಳುತ್ತಾನೆ. ಮೂರನೆಯ ಸಲ ನಕ್ಕಾಗ ನನ್ನ ಕೈಲಿದ್ದ ಸೌಟು ನಿಂತಿತು. ಮೇಜಿನ ಆಚೆ ಕೂತಿದ್ದುದು ಹದಿನೇಳರ ಲೋರ್ನ್. ಹೆಚ್ಚಿಲ್ಲ, ಕಡಿಮೆಯಿಲ್ಲ, ಅದೇ ನಗು.

“ಈಗ ಸರಿಯಾಯ್ತಾ ಮಾವ?”

ಲೋರ್ನ್ ಎದ್ದು ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ಹೋಗಿ ಬಗ್ಗಿದ. ವಾಂತಿ ಬರಲಿಲ್ಲ, ಬರೀ ಓಕರಿಕೆ. ನಲ್ಲಿ ಬಿಟ್ಟು ಬಾಯಿ ತೊಳೆದ, ಮತ್ತೆ ತೊಳೆದ.

“ದೊಡ್ಡಮ್ಮ, ಮಾವನಿಗೆ ಏನಾಯ್ತು?” ಎಂದ ಹುಡುಗ.

“ಹಳೇದೇನೋ ತಿಂದಿದಾನೆ,” ಎಂದೆ. “ನೀನು ಊಟ ಮಾಡು.”

ಲೋರ್ನ್ ಸಾರು ಮುಟ್ಟದೆ ಹೊರಟುಹೋದ. ನಾಳೆ ಏನು ಮಾಡುತ್ತೀಯ ಎಂದು ಬಾಗಿಲಲ್ಲಿ ಕೇಳಿದೆ. ಗೊತ್ತಿಲ್ಲ ಎಂದ. ನನಗೆ ನಂಬಿಕೆ ಇರಲಿಲ್ಲ. ಇಷ್ಟು ವರ್ಷ ನುಂಗಿದವನು ಇನ್ನೊಂದು ಗುಟುಕು ನುಂಗುತ್ತಾನೆ ಎಂದೇ ಅಂದುಕೊಂಡೆ.

ಶನಿವಾರ ಅಂಗಳ ತುಂಬಿತ್ತು. ಗ್ರೇವಿ ಸುರಿದ ಆಲೂ ಫ್ರೈಸ್, ಬಿಯರು, ಒದ್ದೆ ಉಣ್ಣೆಯ ನಾತ. ಧ್ವನಿವರ್ಧಕದವನು, ನಾವು ನಿಂತಿರುವ ಈ ನೆಲ ಮೂಲಜನರದು ಎಂದು ಒಂದೇ ಉಸಿರಿನಲ್ಲಿ ಓದಿ ಮುಗಿಸಿ, ಅದೇ ಉಸಿರಿನಲ್ಲಿ ಲಾಟರಿ ಟಿಕೆಟ್ ಎಲ್ಲಿ ಸಿಗುತ್ತದೆಂದು ಹೇಳಿದ. ನೆಲ ನಮ್ಮದಂತೆ. ಹಲಗೆಯ ಮೇಲಿನ ಹೆಸರು ಪೆಂಡ್ರಿಯದು. ಡೋಲಿನವರನ್ನು ಎರಡನೇ ಹಾಡಿಗೇ ನಿಲ್ಲಿಸಿದರು, ಹೊತ್ತಾಯಿತೆಂದು.

ಅಂಗಳದ ಮಧ್ಯೆ ಹಾಸಿದ್ದ ಕೆಂಪು ರತ್ನಗಂಬಳಿಯ ಮೇಲೆ ನಾವು ಐದು ಜನ: ಹ್ಯಾಲ್ವರ್ಸನ್, ರಿಕ್ ಪೆಂಡ್ರಿ, ಲೋರ್ನ್, ಡ್ರೇಟನ್, ನಾನು. ಪೆಂಡ್ರಿ ಕಿತ್ತಳೆ ಅಂಗಿ ತೊಟ್ಟಿದ್ದ. ಹಿಂದೆ ಸರ್ಕಾರ ವಸತಿಶಾಲೆಗಳಿಗೆ ಎಳೆದೊಯ್ದ ನಮ್ಮ ಪಾಪದ ಮಕ್ಕಳ ನೆನಪಿಗೆಂದು ತೊಡುವ ಅಂಗಿ, ಅವನ ಹೊಟ್ಟೆಯ ಮೇಲೆ ಬಿರಿಯುವಂತೆ ಎಳೆದುಕೊಂಡಿತ್ತು. ಕೆಳತುಟಿಯ ಹಿಂದೆ ತಂಬಾಕಿನ ಉಂಡೆ ಉಬ್ಬಿಕೊಂಡೇ ಇತ್ತು. ಉಗುಳಲು ಕಾಗದದ ಲೋಟ ಕೈಯಲ್ಲೇ ಇತ್ತು. ಈ ಸಲ ಲೋಟ ತಂದಿದ್ದ, ಸಭ್ಯ ಮನುಷ್ಯ.

ಹ್ಯಾಲ್ವರ್ಸನ್ ಪ್ಲಾಸ್ಟಿಕ್ ಚೀಲದಿಂದ ಕೌದಿ ತೆಗೆದು ಲೋರ್ನ್ ತೋಳಿನ ಮೇಲೆ ಹಾಕಿದ. ಯಾವ ಕಾರ್ಖಾನೆಯದೋ, ನಕ್ಷತ್ರವನ್ನು ಹೊಲಿದಿರಲಿಲ್ಲ, ಬಟ್ಟೆಯ ಮೇಲೆ ಅಚ್ಚು ಹಾಕಿದ್ದರು. ಮೂಲೆಯ ಚೀಟಿಯಲ್ಲಿ ಮಷಿನ್ನಿನಲ್ಲಿ ಒಗೆಯಬಹುದೆಂದು ಬರೆದಿತ್ತು.

“ಬಾಟ್ಲಿ ಚೆನ್ನಾಗಿ ಎಸೀತಾನೆ ನಿನ್ನ ಹುಡುಗ,” ಎಂದ ಪೆಂಡ್ರಿ ಲೋರ್ನ್‌ಗೆ. “ನಿಂಗಿಂತ ಪರವಾಗಿಲ್ಲ ಚೀಫ್. ಬೇಗ ಹೊದಿಸಪ್ಪಾ, ಚಳಿ.”

ಲೋರ್ನ್ ನಗಲಿಲ್ಲ. ಅವನ ಕಣ್ಣು ನೆಲಕ್ಕೂ ಇಳಿಯಲಿಲ್ಲ. ಪೆಂಡ್ರಿಯ ಮುಖದ ಮೇಲೇ ಇತ್ತು. ಫೋಟೋದವನು ಒಂದು ಮೊಣಕಾಲೂರಿ ಕಾದ. ಡ್ರೇಟನ್ ಆ ಬರಹದ ಹಾಳೆಯ ಮಡಿಕೆ ಬಿಚ್ಚಿದ.

“ಹೊದಿಸು,” ಎಂದ ಹ್ಯಾಲ್ವರ್ಸನ್, ಮುಖ ಜನರ ಕಡೆಗೆ ನಗುತ್ತಲೇ ಇತ್ತು.

“ಇಲ್ಲ.”

“ಏನಿಲ್ಲ? ಮೈಕ್ ಆನ್ ಇದೆ ಮಾರಾಯ. ಹೆಗಲ ಮೇಲೆ ಹಾಕು, ಅಷ್ಟೇ. ಬರೀ ಬಟ್ಟೆ ಅದು.”

“ಬಟ್ಟೆ ಆದ್ರೆ ನೀನೇ ಹಾಕು,” ಎಂದ ಲೋರ್ನ್.

“ಲೋರ್ನ್.” ಮೊದಲ ಸಲ ಹ್ಯಾಲ್ವರ್ಸನ್ ಹೆಸರು ಹಿಡಿದು ಕರೆದಿದ್ದ. “ಈ ಕೆಲ್ಸ ಬೇಡ್ವಾ ನಿಂಗೆ? ಡ್ರೇಟನ್, ಇವ್ನನ್ನ ಬಿಡು, ನೀನು ಓದು. ಓದಪ್ಪ, ಶುರು ಮಾಡು.”

ಹುಡುಗ ಬರಹ ಮೇಲೆತ್ತಿದ. ಲೋರ್ನ್ ತನ್ನ ಮಡಚಲಾರದ ಬೆರಳುಗಳ ಕೈಯನ್ನು ಅದರ ಮೇಲಿಟ್ಟು ಕೆಳಗೆ ಒತ್ತಿದ. ಆಮೇಲೆ ಮೈಕಿನ ಹತ್ತಿರ ಬಗ್ಗಿ, ಮೇಲಿನ ಸಾಲಿನವರಿಗೂ ಕೇಳುವಂತೆ ಹೇಳಿದ:

“ನಾನು ಹೊದಿಸಲ್ಲ. ಇವನು ಸಾರಿ ಕೇಳಲ್ಲ.”